ಸುಣ್ಣದ ಪಟ್ಟಿಯ ಐದು ಗಂಡುಬಳ್ಳಿಗಳು

ನನ್ನ ಸೇವಾ ಪುಸ್ತಕದ ಏಳನೆಯ ಪುಟದಲ್ಲಿ ಎರಡು ಸಾಲುಗಳಿವೆ: ‘ವಿಜ್ಞಾನ ಶಿಕ್ಷಕಿಯಾದ ಇವರಿಗೆ ವೈಜ್ಞಾನಿಕ ಮನೋಭಾವದ ಕೊರತೆಯಿದೆ. ಶಾಲಾ ತೋಟದಲ್ಲಿ ಮೂಢನಂಬಿಕೆಯನ್ನು ಆಚರಿಸುತ್ತಾರೆ.’ ಬರೆದವರು ತರೀಕೆರೆಯಿಂದ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು. ಪಕ್ಕದಲ್ಲಿ ನಿಂತು ಬರೆಯಿಸಿದವರು ಅಜ್ಜಂಪುರದ ನಮ್ಮ ಶಾಲೆಯ ಹೆಡ್‌ಮಾಸ್ತರು. ಆ ಎರಡು ಸಾಲಿನ ದೆಸೆಯಿಂದ ನಾನು ಆ ವರ್ಷ ಕಾಯಂ ಆಗಲಿಲ್ಲ. ಮರುವರ್ಷ ಆ ಶಾಲೆಯಲ್ಲಿಯೇ ಇರಲಿಲ್ಲ. ಸಾಲುಗಳೆರಡೂ ಸುಳ್ಳು. ಸುಳ್ಳೆಂಬುದು ಬರೆದವರಿಗೆ ತಿಳಿದಿರಲಿಲ್ಲ ಎಂಬುದೊಂದೇ ಅವರ ಪರವಾಗಿ ನಾನು ಹೇಳಬಹುದಾದ ಮಾತು. ಅದು ಅವರಿಗೆ ಗೌರವ ತರುವ ಮಾತಲ್ಲ.

ಇದನ್ನು ಈಗ ಬರೆಯಲು ಕಾರಣ ಕಡೂರಿನ ಸಂತೆ. ಕಳೆದ ಶ್ರಾವಣದಲ್ಲಿ ತರಕಾರಿ ಸಾಲಿನ ಕೊನೆಗೆ ಒಬ್ಬ ಹೆಂಗಸು ಮಂಕರಿಯ ತುಂಬ ಮಡಹಾಗಲಕಾಯಿ ಇಟ್ಟುಕೊಂಡು ಕುಳಿತಿದ್ದಳು. ಬೇಲಿಯಲ್ಲಿ ತಾನಾಗಿ ಹಬ್ಬುವ ಬಳ್ಳಿಯ ಕಾಯಿ ಅದು. ಮೊಟ್ಟೆಯಷ್ಟು ಗಾತ್ರ, ಮೈತುಂಬ ಮೆತ್ತನೆಯ ಮುಳ್ಳು, ಹೆಸರಿನಲ್ಲಿ ಹಾಗಲವಿದ್ದರೂ ಹಾಗಲದ ಕಹಿಯಿಲ್ಲ. ಕಾಯಿಗಳ ನಡುವೆ ಬಳ್ಳಿಯ ತುಂಡೊಂದು ಸಿಕ್ಕಿಕೊಂಡಿತ್ತು. ಅದರ ತುದಿಯಲ್ಲಿ ಬಾಡಿದ ಹಳದಿ ಹೂ. ಎತ್ತಿ ಮೂಸಿದೆ. ಕಸ್ತೂರಿಯ ಹಾಗೆ ಮಂದವಾದ, ಸ್ವಲ್ಪ ಒದ್ದೆ ಬಟ್ಟೆಯ ಹಾಗೆಯೂ ಇರುವ ಆ ವಾಸನೆ ಇನ್ನೂ ಉಳಿದಿತ್ತು.

“ಬರೀ ಹೂವು ಕಣಮ್ಮಾ ಅದು, ಕಾಯಿಲ್ಲ. ಬಿಸಾಕಿ” ಎಂದಳು ಆಕೆ.

ಇದೇ ಮಾತನ್ನು ನನಗೆ ಎಂ.ಎ. ಪದವಿ ಪಡೆದವರೊಬ್ಬರು ಹೇಳಿದ್ದರು. ಸಂತೆಯ ಹೆಂಗಸನ್ನು ನಾನು ಕ್ಷಮಿಸಿದೆ. ಅವರನ್ನಲ್ಲ.

ಅದು ಎಪ್ಪತ್ತೆಂಟರ ಮುಂಗಾರು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿದ ಊರು. ಶಾಲೆ ಊರಿನ ದೊಡ್ಡವರ ಸಮಿತಿಯೊಂದು ನಡೆಸುತ್ತಿದ್ದ ಪ್ರೌಢಶಾಲೆ. ಅದರ ಹೆಸರನ್ನು ಬರೆಯುವುದಿಲ್ಲ. ಕಟ್ಟಡ ನನಗೇನೂ ಅನ್ಯಾಯ ಮಾಡಲಿಲ್ಲ. ನನಗೆ ಇಪ್ಪತ್ತಾರು ವರ್ಷ. ಪ್ರೊಬೇಷನ್ನಿನ ಎರಡನೆಯ ವರ್ಷ ಮುಗಿಯುತ್ತಿತ್ತು. ಇನ್‌ಸ್ಪೆಕ್ಟರ ತಪಾಸಣೆಯಲ್ಲಿ ಒಳ್ಳೆಯ ಮಾತು ಬಿದ್ದರೆ ಸಮಿತಿ ಕಾಯಂ ಮಾಡುತ್ತದೆ, ಬೀಳದಿದ್ದರೆ ಇಲ್ಲ. ವಿಷಯ ಇಷ್ಟು ಸರಳವಾಗಿತ್ತು.

ಆ ವರ್ಷ ಪ್ರತಿಯೊಬ್ಬ ಶಿಕ್ಷಕರೂ ತೋಟದ ಒಂದೊಂದು ಪಾತಿಯನ್ನು ನೋಡಿಕೊಳ್ಳಬೇಕೆಂದು ಸಮಿತಿ ತೀರ್ಮಾನಿಸಿತು. ಉಳಿದವರು ಬದನೆ, ಬೆಂಡೆ ಹಾಕಿದರು. ನಾನು ಮಡಹಾಗಲ ಹಾಕಿದೆ, ಮತ್ತು ಅದಕ್ಕೆ ಕಾರಣವಿತ್ತು. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಸಸ್ಯಗಳ ಸಂತಾನೋತ್ಪತ್ತಿಯ ಪಾಠವೊಂದಿದೆ. ನನಗಿಂತ ಮೊದಲಿದ್ದವರು ಆ ಪಾಠ ಬಂದೊಡನೆ ಕೆಮ್ಮಿ, ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದರು. ನನಗೆ ಹಾರುವ ಅಭ್ಯಾಸವಿರಲಿಲ್ಲ. ಮಡಹಾಗಲದಲ್ಲಿ ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಬೇರೊಂದು ಬಳ್ಳಿಯಲ್ಲಿ. ಇದಕ್ಕಿಂತ ಸ್ಪಷ್ಟವಾಗಿ ಆ ಪಾಠವನ್ನು ಕಣ್ಣಿಗೆ ತೋರಿಸುವ ಗಿಡ ನಮ್ಮ ಸೀಮೆಯ ಬೇಲಿಗಳಲ್ಲಿ ಮತ್ತೊಂದಿಲ್ಲ.

ಗೆಡ್ಡೆ ಕೊಟ್ಟವಳು ಸಖರಾಯಪಟ್ಟಣದ ಗಂಗಮ್ಮ. ತೆಂಗಿನ ತೋಟಗಳ ಬೇಲಿಯಲ್ಲಿ ಕಾಯಿ ಕಿತ್ತು ಮಾರಿ ಜೀವನ ಮಾಡುತ್ತಿದ್ದ ಮುದುಕಿ. ಮೃಗಶಿರ ಮಳೆಗೆ ಮುಂಚೆ ಅವಳ ಮನೆಗೇ ಹೋಗಿದ್ದೆ.

“ಹೆಣ್ಣೇ ಆರ್ಸಿ ಕೊಡ್ಲಾ ಮಗಾ, ಗಂಡೂ ಬೇಕಾ?” ಎಂದಳು.

“ಗೆಡ್ಡೆ ನೋಡಿದರೆ ಗೊತ್ತಾಗುತ್ತಾ ಅಜ್ಜಿ?”

“ಗೆಡ್ಡೆ ನೋಡಿ ಯಾರ್ಗೆ ಗೊತ್ತಾಯ್ತದೆ? ಎಲ್ಲಿ ಅಗ್ದಿದ್ದು ಅಂತ ನಂಗೊತ್ತು, ಅಷ್ಟೇಯ. ಒಂದ್ ನಾಕೈದು ಗಂಡು ಹಾಕ್ಕಂಡೋಗು. ಗಂಡಿಲ್ದೆ ಬಸ್ರಿ ಆಗಾಕೆ ಅದೇನ್ ಪುರಾಣದ ಕತೆಯಾ?”

ಅಕ್ಷರ ಬಾರದ ಗಂಗಮ್ಮ ಒಂದೇ ಉಸಿರಿನಲ್ಲಿ ಹೇಳಿದ ಈ ವಿಷಯವನ್ನು ಮುಂದೆ ನಾನು ಪದವೀಧರರಿಗೆ ಬಾಯಿಮಾತಿನಲ್ಲಿಯೂ ಬರಹದಲ್ಲಿಯೂ ತಿಳಿಸಿ ಸೋತೆ. ಅದಕ್ಕಾಗಿಯೇ ಅವಳ ಹೆಸರನ್ನು ಇಲ್ಲಿ ಬರೆದು, ಅವರ ಹೆಸರುಗಳನ್ನು ಬಿಟ್ಟಿದ್ದೇನೆ.

ಇಪ್ಪತ್ತೆರಡು ಗೆಡ್ಡೆ ನೆಟ್ಟೆ, ಹತ್ತೊಂಬತ್ತು ಮೊಳೆತವು. ಚೀಲದಲ್ಲಿ ಎಲ್ಲವೂ ಕಲೆತುಹೋಗಿದ್ದರಿಂದ ಯಾವುದು ಗಂಡು, ಯಾವುದು ಹೆಣ್ಣು ಎಂದು ಹೂ ಬರುವವರೆಗೆ ತಿಳಿಯುವಂತಿರಲಿಲ್ಲ. ಪ್ರತಿ ಬಳ್ಳಿಗೂ ಒಂದು ಗೂಟ ನೆಟ್ಟು ಹಬ್ಬಿಸಿದೆ. ಪುನರ್ವಸು ಮಳೆಯ ಕೊನೆಗೆ ಐದು ಬಳ್ಳಿಗಳು ಹೂ ಬಿಟ್ಟವು. ಐದೂ ಗಂಡು; ಈ ಜಾತಿಯಲ್ಲಿ ಗಂಡೇ ಮೊದಲು ಸಿದ್ಧವಾಗುತ್ತದೆ. ಎರಡು ವಾರದ ನಂತರ ಉಳಿದ ಹದಿನಾಲ್ಕು ಅರಳಿದವು.

ಸೂರ್ಯ ಮುಳುಗುವ ಹೊತ್ತಿಗೆ ಶಾಲೆಯ ಅಂಗಳ ಖಾಲಿಯಾಗಿರುತ್ತಿತ್ತು. ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ ನಾನು ಮಣೆಯೊಂದನ್ನು ಹಾಕಿಕೊಂಡು ಪಾತಿಯ ಪಕ್ಕ ಕೂರುತ್ತಿದ್ದೆ. ಆರೂಕಾಲಿನವರೆಗೆ ಏನೂ ಇಲ್ಲ. ಆಮೇಲೆ ಮೊಗ್ಗಿನ ತುದಿ ಸಡಿಲವಾಗುತ್ತದೆ, ಎಸಳೊಂದು ಬಿಡಿಸಿಕೊಳ್ಳುತ್ತದೆ, ಕಣ್ಣು ಮಿಟುಕಿಸಿ ನೋಡಿದರೆ ಐದೂ ಎಸಳು ಹಿಂದಕ್ಕೆ ಬಾಗಿರುತ್ತವೆ. ಗಂಡು ಹೂವಿನ ತೊಟ್ಟಿನಲ್ಲಿ, ಹೂವಿಗೆ ತುಸು ಕೆಳಗೆ, ಟೊಪ್ಪಿಗೆಯಂಥ ಹಸಿರು ಎಲೆಯೊಂದಿರುತ್ತದೆ. ಹೆಣ್ಣು ಹೂವಿನಲ್ಲಿ ಆ ಟೊಪ್ಪಿಗೆಯಿಲ್ಲ. ಬದಲಿಗೆ ಎಸಳುಗಳ ಅಡಿಯಲ್ಲಿ ಬಟಾಣಿಗಿಂತ ಚಿಕ್ಕದಾದ, ಆಗಲೇ ಮುಳ್ಳು ಮೂಡಿರುವ ಅಂಡಾಶಯ. ಹೂ ಅರಳಿದ ಮೇಲೆ ವಾಸನೆ ಏಳುತ್ತದೆ. ಆ ವಾಸನೆಯ ಜಾಡು ಹಿಡಿದು ಬೂದು ಬಣ್ಣದ ಸಣ್ಣ ಪತಂಗಗಳು ಬರುತ್ತವೆ. ಯಾವ ಜಾತಿಯವೆಂದು ನನಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿಯದೆಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದೇನೆ. ಗಂಡು ಬಳ್ಳಿಯಿಂದ ಹೆಣ್ಣು ಬಳ್ಳಿಗೆ ಪರಾಗ ಸಾಗಬೇಕಾದರೆ ಅವು ಬರಲೇಬೇಕು. ಬೆಳಗಾಗುವಷ್ಟರಲ್ಲಿ ಹೂ ಮುದುಡಿರುತ್ತದೆ. ಪರಾಗ ಮುಟ್ಟಿದ್ದರೆ ಮಿಡಿ ಹಸಿರಾಗಿ ಉಬ್ಬುತ್ತದೆ. ಮುಟ್ಟದಿದ್ದರೆ ಮೂರು ನಾಲ್ಕು ದಿನದಲ್ಲಿ ಹಳದಿಯಾಗಿ ತೊಟ್ಟಿನೊಡನೆ ಕಳಚಿ ಬೀಳುತ್ತದೆ.

ಬೆಳಗಿನ ತರಗತಿಗೆ ಎರಡೂ ಬಗೆಯ ಹೂಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಮಕ್ಕಳಿಗೆ ಬಿಡಿಸಿ ತೋರಿಸುತ್ತಿದ್ದೆ. ಮೂರನೆಯ ದಿನ ಹೆಡ್‌ಮಾಸ್ತರರು ಕೋಣೆಗೆ ಕರೆಸಿದರು. ನಲವತ್ತು ತುಂಬಿರದ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಯಾವ ವಿಷಯದಲ್ಲಿಯೂ ತಮಗೆ ತಿಳಿಯದ್ದಿದೆ ಎಂದು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ.

“ಏನ್ರೀ ಮಿಸ್, ಕ್ಲಾಸಿನಲ್ಲಿ ಗಂಡು ಹೆಣ್ಣು ಅಂತೆಲ್ಲಾ ಮಾತಾಡ್ತೀರಂತೆ? ಬೆಳೆದ ಹುಡುಗೀರು ಕೂತಿರ್ತಾರೆ.”

“ಪುಸ್ತಕದಲ್ಲೇ ಇದೆ ಸಾರ್.”

“ಪುಸ್ತಕದಲ್ಲಿ ಏನೇನೋ ಇರುತ್ತೆ. ಎ ಬಳ್ಳಿ, ಬಿ ಬಳ್ಳಿ ಅನ್ನಿ. ಅರ್ಥ ಆಗೋರಿಗೆ ಆಗುತ್ತೆ.”

ನಾನು ಆ ಹೊತ್ತಿಗಾಗಲೇ ಐದು ತಗಡಿನ ಫಲಕಗಳನ್ನು ಬರೆಯಿಸಿದ್ದೆ: ‘ಗಂಡು ಬಳ್ಳಿ. ಕೀಳಬಾರದು.’ ಅವರು ಐದನ್ನೂ ತಮ್ಮ ಬೀರುವಿಗೆ ಹಾಕಿ ಬೀಗ ಹಾಕಿದರು. ‘ಗಂಡು’ ಎಂಬ ಪದ ಶಾಲೆಯ ಆವರಣದಲ್ಲಿ ಬಣ್ಣದಲ್ಲಿ ಕಾಣುವುದು ಅವರಿಗೆ ಸಮ್ಮತವಿರಲಿಲ್ಲ. ಬೇರೆ ದಾರಿಯಿಲ್ಲದೆ ನಾನು ಆ ಐದು ಗೂಟಗಳಿಗೆ ಒಂದೊಂದು ಸುಣ್ಣದ ಪಟ್ಟಿ ಬಳಿದೆ. ‘ಸುಣ್ಣದ ಗುರುತಿರುವ ಬಳ್ಳಿಗಳು ಕಾಯಿ ಬಿಡುವುದಿಲ್ಲ, ಆದರೆ ಅವಿಲ್ಲದೆ ಉಳಿದವು ಕಾಯಿ ಕಟ್ಟುವುದಿಲ್ಲ, ಆದ್ದರಿಂದ ಅವುಗಳನ್ನು ಮುಟ್ಟಬಾರದು’ ಎಂದು ಸೂಚನಾ ಪುಸ್ತಕದಲ್ಲಿ ಬರೆದು ಅವರ ಮುಂದಿಟ್ಟೆ. ಅವರು ಹಸಿರು ಶಾಯಿಯಲ್ಲಿ ಸಹಿ ಹಾಕಿದರು.

ಸುಣ್ಣ ಬಳಿದದ್ದು ನಾನೇ. ಅದನ್ನು ಎಂದೂ ಅಲ್ಲಗಳೆದಿಲ್ಲ.

ಆಗಸ್ಟ್ ಹನ್ನೆರಡು, ಶನಿವಾರ. ಸ್ವಾತಂತ್ರ್ಯ ದಿನಾಚರಣೆಗೆ ಮುಂಚಿನ ಶ್ರಮದಾನ. ಅಂದೇ ಬೆಳಿಗ್ಗೆ ಹೆಡ್‌ಮಾಸ್ತರರು ನನ್ನನ್ನು ಯಾವುದೋ ನಮೂನೆಗಳನ್ನು ಕೊಟ್ಟುಬರಲು ತರೀಕೆರೆಗೆ ಕಳುಹಿಸಿದ್ದರು. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದಾಗ ಪಾತಿಯಲ್ಲಿ ಐದು ಹೊಂಡಗಳಿದ್ದವು. ಸುಣ್ಣದ ಪಟ್ಟಿಯ ಐದು ಗೂಟಗಳು ಗೋಡೆಗೆ ಒರಗಿದ್ದವು. ಬಳ್ಳಿಗಳು ಕಸದ ಗುಂಡಿಯಲ್ಲಿದ್ದವು. ಗೆಡ್ಡೆಗಳನ್ನು ಗುದ್ದಲಿಯಿಂದ ಎರಡೆರಡು ಹೋಳು ಮಾಡಲಾಗಿತ್ತು.

ಸಮಿತಿಯ ಅಧ್ಯಕ್ಷರಾದ ಶಿವಲಿಂಗಪ್ಪನವರು ಪಂಚೆ ಎತ್ತಿ ಕಟ್ಟಿ ನಡುವೆ ನಿಂತಿದ್ದರು. ಪಂಚನಹಳ್ಳಿಯಲ್ಲಿ ಅವರಿಗೆ ತೆಂಗಿನ ತೋಟವಿತ್ತು.

“ಬಂದ್ರಾ ಟೀಚರಮ್ಮಾ! ನೀವು ಸುಣ್ಣ ಹೊಡ್ದು ಇಟ್ಟಿದ್ರಲ್ಲ, ನಾನೇ ನಿಂತು ಕೀಳಿಸ್ಬಿಟ್ಟೆ. ನಮ್ ತ್ವಾಟದಾಗೂ ಹಂಗೇ ಕಣಮ್ಮಾ. ಗೊಡ್ಡು ಮರಕ್ಕೆ ಇವತ್ತು ಸುಣ್ಣ, ನಾಳೀಕೆ ಕೊಡ್ಲಿ.”

ಆ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ನಾನು ಹೆಡ್‌ಮಾಸ್ತರರ ಕಡೆ ತಿರುಗಿದೆ. ಅವರು ಬೆಳಗಿನಿಂದ ಅಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರಂತೆ. ಒಳಗೆ ಹೋಗಿ ಸೂಚನಾ ಪುಸ್ತಕ ತಂದು ಅವರ ಹಸಿರು ಸಹಿಯ ಮೇಲೆ ಬೆರಳಿಟ್ಟೆ.

“ಅಷ್ಟೆಲ್ಲಾ ಓದಿ ಸಹಿ ಹಾಕೋಕಾಗುತ್ತೇನ್ರೀ?” ಎಂದರು. ಆಮೇಲೆ “ಬರೀ ಹೂವು ಬಿಡ್ತಿದ್ವು, ಕಾಯಿಲ್ಲ. ಹೋದ್ರೆ ಹೋಗ್ಲಿ ಬಿಡಿ” ಎಂದರು.

ಆ ದಿನದಿಂದ ಪಾತಿಯಲ್ಲಿ ನಡೆದದ್ದನ್ನು ನಾನು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ. ಹದಿನಾಲ್ಕು ಹೆಣ್ಣು ಬಳ್ಳಿಗಳು ಪ್ರತಿ ಸಂಜೆ ತಪ್ಪದೆ ಅರಳಿದವು. ಒಂದು ವಾರದಲ್ಲಿ ಅರವತ್ತೊಂದು ಹೂ. ಒಂದೂ ಮಿಡಿ ನಿಲ್ಲಲಿಲ್ಲ. ಬೆಳಿಗ್ಗೆ ಹೋದರೆ ಪಾತಿಯ ಮಣ್ಣಿನ ಮೇಲೆ ಮುಳ್ಳು ಮೂಡಿದ ಹಳದಿ ಬಟಾಣಿಗಳು ಚೆಲ್ಲಿರುತ್ತಿದ್ದವು. ಗಂಡು ಬಳ್ಳಿಗಳಿದ್ದಾಗ ಕಟ್ಟಿದ್ದ ಕಾಯಿಗಳು ತಿಂಗಳ ಕೊನೆಯೊಳಗೆ ಬಲಿತು, ಕೊಯ್ಲಾಗಿ, ಹೆಡ್‌ಮಾಸ್ತರರ ಮನೆ ಸೇರಿದವು. ಆ ಕಾಯಿಗಳ ತಂದೆ ಯಾರೆಂದು ಅವರ ಮನೆಯಲ್ಲಿ ಯಾರೂ ವಿಚಾರಿಸಿದಂತಿಲ್ಲ.

ಸೆಪ್ಟೆಂಬರ್ ಮೊದಲ ವಾರ ತಪಾಸಣೆಯೆಂದು ಕಾಗದ ಬಂತು. ಹದಿನಾಲ್ಕು ಬಳ್ಳಿ ಹಬ್ಬಿ ಒಂದೂ ಕಾಯಿಯಿಲ್ಲದ ಪಾತಿಯ ಮುಂದೆ ನಾನು ನಿಂತು ಉತ್ತರ ಹೇಳಬೇಕಿತ್ತು.

ಆಗಸ್ಟ್ ಇಪ್ಪತ್ತು, ಭಾನುವಾರ. ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ ಶಿವನಿ ಎಂಬ ಊರಿಗೆ ಹೋದೆ. ಅಲ್ಲಿನ ರೈಲ್ವೆ ಬೇಲಿಯಲ್ಲಿ ಮಡಹಾಗಲ ಹಬ್ಬಿದ್ದನ್ನು ಹಿಂದೊಮ್ಮೆ ಕಿಟಕಿಯಿಂದ ಕಂಡಿದ್ದೆ. ತುಂತುರಿನಲ್ಲಿ ಸೀರೆಯ ಸೆರಗು ತಲೆಗೆ ಹೊದ್ದು ಎರಡು ಫರ್ಲಾಂಗು ನಡೆದ ಮೇಲೆ ಒಂದು ಗಂಡು ಬಳ್ಳಿ ಸಿಕ್ಕಿತು. ಹಳಿಯ ಕೆಲಸದವನೊಬ್ಬ ದೂರದಿಂದಲೇ ಕೂಗಿದ:

“ಅಮ್ಮಾ, ಅದು ಕಾಯಿ ಬಿಡಾಕಿಲ್ಲ! ಈ ಕಡೀಕ್ ಬನ್ನಿ, ಇಲ್ಲೈತೆ.”

“ನನಗೆ ಕಾಯಿ ಬೇಡಪ್ಪಾ. ಹೂವು ಬೇಕು.”

“ಪೂಜೆಗಾ?”

“ಮದುವೆಗೆ” ಎಂದೆ. ಆತ ನಕ್ಕು ಬೇಲಿಯ ಮುಳ್ಳನ್ನು ಕೋಲಿನಿಂದ ಎತ್ತಿ ಹಿಡಿದ. ಆ ಮುಂಗಾರಿನಲ್ಲಿ ನನ್ನ ಕೆಲಸಕ್ಕೆ ಗಂಡಸೊಬ್ಬನಿಂದ ದೊರೆತ ಏಕಮಾತ್ರ ಸಹಾಯ ಅದು.

ಸಂಜೆಗೆ ಅರಳಲಿದ್ದ ಮೊಗ್ಗುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅಜ್ಜಂಪುರದಲ್ಲಿ ಇಳಿದಾಗ ಡಬ್ಬಿಯ ಮುಚ್ಚಳದ ಸಂದಿಯಿಂದ ವಾಸನೆ ಹೊರಟಿತ್ತು. ಪಾತಿಯಲ್ಲಿ ಹೆಣ್ಣು ಹೂಗಳೂ ಅರಳುತ್ತಿದ್ದವು. ಗಂಡು ಹೂವಿನ ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿದುಕೊಳ್ಳುವ ಆ ಸೀಳು ತುದಿಗೆ, ಮೆಲ್ಲನೆ ಸವರಿದೆ. ಬೆಳಕಿದ್ದಷ್ಟು ಹೊತ್ತಿನಲ್ಲಿ ಹದಿನಾಲ್ಕು ಹೂವಾಯಿತು. ಮುಟ್ಟಿಸಿದ ಹೂ ಯಾವುದು, ಮುಟ್ಟಿಸದ್ದು ಯಾವುದು ಎಂಬ ಲೆಕ್ಕ ತಪ್ಪಬಾರದೆಂದು ಪ್ರತಿ ತೊಟ್ಟಿಗೂ ಒಂದು ದಾರ ಕಟ್ಟಿದೆ. ಹೊಲಿಗೆಯ ಡಬ್ಬಿಯಲ್ಲಿದ್ದುದು ಕಪ್ಪು ದಾರ.

ಎರಡು ಉದುರಿದವು. ಹನ್ನೆರಡು ನಿಂತವು. ಅದೇ ಸಂಜೆ ಅದೇ ಬಳ್ಳಿಗಳಲ್ಲಿ ದಾರವಿಲ್ಲದೆ ಅರಳಿದ ಹೂಗಳಲ್ಲಿ ಒಂದೂ ನಿಲ್ಲಲಿಲ್ಲ. ಇದಕ್ಕಿಂತ ಶುಭ್ರವಾದ ಪ್ರಯೋಗವನ್ನು ನಾನು ಮುಂದಿನ ಮೂವತ್ತು ವರ್ಷದ ಅಧ್ಯಾಪನದಲ್ಲಿ ಮಾಡಲಿಲ್ಲ.

ತಪಾಸಣೆಯ ದಿನ ಪುಬ್ಬೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಇನ್‌ಸ್ಪೆಕ್ಟರು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ತೋಟಕ್ಕೆ ಬಂದರು. ಹನ್ನೆರಡು ಕಾಯಿಗಳು ಒಳ್ಳೆಯ ಹಸಿರಿನಲ್ಲಿ ತೂಗುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರರು ಮುಂದೆ ಬಂದರು.

“ಕಾಯಿ ಬಿಡದ ಗೊಡ್ಡು ಬಳ್ಳಿ ಐದಿದ್ವು ಸಾರ್. ತೆಗೆಸಿದೆ. ತೆಗೆಸಿದ್ಮೇಲೆ ನೋಡಿ, ಹೇಗೆ ಹಿಡಿದಿದೆ!”

ಒಬ್ಬ ಮನುಷ್ಯ ತನ್ನ ಅಜ್ಞಾನದ ಪರಿಣಾಮವನ್ನು ಇನ್ನೊಬ್ಬರು ಕೈಯಾರೆ ಸರಿಪಡಿಸಿದ್ದನ್ನು ಕಂಡು, ಸರಿಯಾದದ್ದು ತನ್ನ ಅಜ್ಞಾನದಿಂದಲೇ ಎಂದು ನಂಬುವ ಆ ನೆಮ್ಮದಿಯನ್ನು ನಾನು ಅಂದು ಮೊದಲ ಬಾರಿಗೆ ಹತ್ತಿರದಿಂದ ನೋಡಿದೆ.

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. “ಈ ಕಪ್ಪು ದಾರ ಏನಮ್ಮಾ?”

“ಗಂಡು ಹೂವಿನ ಪರಾಗವನ್ನು ನಾನೇ ತಂದು ಈ ಹೂವುಗಳಿಗೆ...”

“ಮಿಸ್!” ಎಂದು ಹೆಡ್‌ಮಾಸ್ತರರು ಕೆಮ್ಮಿದರು. “ಅದೆಲ್ಲಾ ಈಗ ಯಾಕೆ, ಹುಡುಗೀರು ಇದಾರೆ.” ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ ದನಿ ತಗ್ಗಿಸಿ, “ದೃಷ್ಟಿಗೆ ಇರ್ಬೇಕು ಸಾರ್. ಹೆಂಗಸರು, ಗೊತ್ತಲ್ಲ” ಎಂದರು.

“ಸೈನ್ಸ್ ಟೀಚರೇ ದೃಷ್ಟಿದಾರ ಕಟ್ಟಿದ್ರೆ ಇನ್ನು ಸಂಸ್ಕೃತದವರು ಹೋಮ ಮಾಡ್ಬೇಕೇನ್ರೀ!” ಇನ್‌ಸ್ಪೆಕ್ಟರು ನಕ್ಕರು. ಹೆಡ್‌ಮಾಸ್ತರರು ಅವರಿಗಿಂತ ಹೆಚ್ಚು ಹೊತ್ತು ನಕ್ಕರು.

ನಾನು ಟಿಪ್ಪಣಿ ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅದರಲ್ಲಿ ಎಲ್ಲವೂ ಇತ್ತು: ದಿನಾಂಕ, ಹೊತ್ತು, ಅರಳಿದ ಹೂ, ಉದುರಿದ ಮಿಡಿ, ಶಿವನಿಯ ಬಳ್ಳಿ, ದಾರ ಕಟ್ಟಿದ ಕಾರಣ. ಅವರು ಎರಡು ಹಾಳೆ ಮಗುಚಿದರು. ಆಮೇಲೆ ಪುಸ್ತಕವನ್ನು ತೆರೆದಂತೆಯೇ ಬಾವಿಕಟ್ಟೆಯ ಮೇಲಿಟ್ಟು, ಅದರ ಮೇಲೆ ಕಾಫಿ ಲೋಟ ಇಟ್ಟು, ಬದನೆಯ ಪಾತಿಯ ಕಡೆಗೆ ನಡೆದರು. ಲೋಟದ ಕಂದು ವೃತ್ತ ಆಗಸ್ಟ್ ಇಪ್ಪತ್ತರ ಪುಟದ ಮೇಲೆ ಇಂದಿಗೂ ಇದೆ.

ಎಲ್ಲರೂ ಒಳಗೆ ಹೋದ ಮೇಲೆ, ಸಮಿತಿಯ ಪರವಾಗಿ ತಪಾಸಣೆಗೆ ಜೊತೆಯಾಗಿದ್ದ ಶಿವಲಿಂಗಪ್ಪನವರು ಹಿಂದೆ ಉಳಿದರು. ಬಳ್ಳಿಯಿಂದ ಬಳ್ಳಿಗೆ ಹೋಗಿ, ಎಲೆಗಳನ್ನು ಸರಿಸಿ, ಬಾಯಲ್ಲಿ ಎಣಿಸುತ್ತ ಬಂದು ನನ್ನ ಪಕ್ಕ ನಿಂತರು.

“ಅಮ್ಮಾ, ಸಿಟ್ ಮಾಡ್ಕಬ್ಯಾಡಿ. ಈ ದಾರ ಯಾರ್ ತಾವ ಮಂತ್ರಿಸ್ಕಂಬಂದ್ರಿ? ಶಿವನಿ ಕಡೀಕ್ ಹೋಗಿದ್ರಂತಲ್ಲ? ದಾರ ಐತೆ, ಕಾಯಿ ಐತೆ. ದಾರ ಇಲ್ಲ, ಕಾಯಿಲ್ಲ. ನಾನು ಹನ್ನೆರಡೂ ನೋಡ್ದೆ. ನಮ್ ತೆಂಗಿನ ಮರಕ್ಕೂ ಒಂದಷ್ಟು ತರ್ಸಿಕೊಡಿ, ಪುಣ್ಯ ಬರ್ತದೆ.”

ನಾನು ಆ ಹೊತ್ತಿನಲ್ಲಿಯೂ ನಕ್ಕೆ. ಬಹಳ ವರ್ಷಗಳ ನಂತರ, ಅವರು ತೀರಿಕೊಂಡ ಸುದ್ದಿ ಕೇಳಿದ ದಿನ, ನಕ್ಕದ್ದು ತಪ್ಪೆನ್ನಿಸಿತು. ಬಳ್ಳಿಗಳನ್ನು ಕೀಳಿಸಿದವರು ಅವರೇ. ಆದರೆ ಆ ಮೂವರಲ್ಲಿ ಬಗ್ಗಿ, ಎಣಿಸಿ, ದಾರಕ್ಕೂ ಕಾಯಿಗೂ ಸಂಬಂಧವಿದೆಯೆಂದು ಕಂಡವರೂ ಅವರೊಬ್ಬರೇ. ಕಾರಣವನ್ನು ತಪ್ಪಾಗಿ ತಿಳಿದರು, ನಿಜ. ಆದರೆ ಕಾರಣವೊಂದು ಇರಬೇಕೆಂದು ತಿಳಿದರು.

ಹನ್ನೆರಡು ಕಾಯಿಗಳು ಅಂದೇ ಸಂಜೆ ಹೆಡ್‌ಮಾಸ್ತರರ ಮನೆಯಲ್ಲಿ ಪಲ್ಯವಾದವು. ಇನ್‌ಸ್ಪೆಕ್ಟರು ಅಲ್ಲಿಯೇ ಊಟ ಮಾಡಿದರು. ಅಕ್ಟೋಬರಿನಲ್ಲಿ ಸಮಿತಿಯ ಸಭೆಯಲ್ಲಿ ಸೇವಾ ಪುಸ್ತಕದ ಏಳನೆಯ ಪುಟವನ್ನು ಗಟ್ಟಿಯಾಗಿ ಓದಲಾಯಿತು. ನನ್ನ ಪ್ರೊಬೇಷನ್ ಅವಧಿಯನ್ನು ವಿಸ್ತರಿಸಲಾಯಿತು. ಸೂಚನಾ ಪುಸ್ತಕವನ್ನು ತರಿಸಿ ನೋಡಬೇಕೆಂದು ನಾನು ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಆ ಅರ್ಜಿಯ ನಕಲು ನನ್ನಲ್ಲಿದೆ. ಮುಂದಿನ ಜೂನಿನಲ್ಲಿ ಕಡೂರಿನ ಒಂದು ಶಾಲೆಗೆ ಹೊಸಬಳಾಗಿ, ಎಲ್ಲರಿಗಿಂತ ಕೊನೆಯವಳಾಗಿ ಸೇರಿದೆ. ಕೊನೆಯವಳಾಗಿ ಸೇರಿದ ಕಾರಣಕ್ಕೆ, ನಿವೃತ್ತಿಯವರೆಗೂ ಹೆಡ್‌ಮಿಸ್ಟ್ರೆಸ್ ಆಗಲಿಲ್ಲ. ಆದರೆ ಪ್ರತಿ ವರ್ಷ ಆ ಪಾಠ ಬಂದಾಗ ಗಂಡು ಹೂ, ಹೆಣ್ಣು ಹೂ ಎಂದೇ ಹೇಳಿದೆ. ಹುಡುಗಿಯರಾರೂ ಕೆಡಲಿಲ್ಲ.

ಹೆಡ್‌ಮಾಸ್ತರರೂ ಇನ್‌ಸ್ಪೆಕ್ಟರೂ ನಿವೃತ್ತರಾಗಿ ತರೀಕೆರೆಯಲ್ಲಿ ನೆಲೆಸಿದ್ದಾರೆ, ಸಂಜೆ ಜೊತೆಯಾಗಿ ನಡೆದಾಡಲು ಹೋಗುತ್ತಾರೆ ಎಂದು ಕೇಳಿದ್ದೇನೆ. ಹಳೆಯ ವಿದ್ಯಾರ್ಥಿಗಳು ಅವರಿಗೆ ಶಾಲು ಹೊದಿಸಿದ ಸುದ್ದಿಯನ್ನೂ ಓದಿದ್ದೇನೆ. ಅವರು ಹೋಗುವ ದಾರಿಯ ಬೇಲಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಮಡಹಾಗಲ ಅರಳಿರುತ್ತದೆ, ಅವರು ನೋಡಿರಲಾರರು. ಅವರಿಂದ ನಾನು ಕ್ಷಮಾಪಣೆ ಕೇಳುತ್ತಿಲ್ಲ. ಏಳನೆಯ ಪುಟವನ್ನು ತಿದ್ದಬೇಕೆಂದೂ ಹೇಳುತ್ತಿಲ್ಲ. ಅದಕ್ಕೆ ಈಗ ಯಾವ ಬೆಲೆಯೂ ಇಲ್ಲ. ಒಂದೇ ಪ್ರಶ್ನೆಯಿದೆ, ಸ್ವಾಮಿ, ಮತ್ತು ಅದು ವೈಜ್ಞಾನಿಕ ಮನೋಭಾವವುಳ್ಳ ನಿಮ್ಮಿಬ್ಬರಿಗೇ. ಹದಿನಾಲ್ಕು ಬಳ್ಳಿಗಳ ಮುಂದೆ ಹಗಲು ಬೆಳಕಿನಲ್ಲಿ ನಿಂತು, ದಾರವಿದ್ದ ಹನ್ನೆರಡು ಕಡೆಯೂ ಕಾಯಿಯನ್ನು ಕಣ್ಣಾರೆ ಕಂಡಿರಿ. ದಾರವಿಲ್ಲದ ಕಡೆ ಒಂದಾದರೂ ಕಾಯಿ ಏಕಿಲ್ಲವೆಂದು ನಿಮ್ಮಲ್ಲಿ ಒಬ್ಬರೂ ಯಾಕೆ ಕೇಳಲಿಲ್ಲ?